ರೈತನ ಕೆರೆಯಿಂದ ಕಡಲಿಗೆ: ಹಡಗಿಗೆ ತಿರುಪು ಜೋಡಿಸಿದ ಫ್ರಾನ್ಸಿಸ್ ಪೆಟಿಟ್ ಸ್ಮಿತ್



ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರೂ ಘಟ್ಟದ ಮೇಲಿನ ತಾಲೂಕುಗಳು. ಮನೆಯ ಅಂಗಳದಲ್ಲಿ ನಿಂತರೆ ನಮಗೆ ಕಾಡು ಕಾಣುತ್ತದೆ, ತೋಟ ಕಾಣುತ್ತದೆ, ಕಡಲು ಕಾಣುವುದಿಲ್ಲ. ಆದರೂ ಹಡಗಿಗೂ ನಮಗೂ ಹಳೆಯ ನಂಟಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಶಿರಸಿಯ ಮೇಲೆ ಹಾದು, ದೇವಿಮನೆ ಘಟ್ಟ ಇಳಿದು ಕುಮಟಾ ಬಂದರು ಸೇರುತ್ತಿತ್ತು. ಯಲ್ಲಾಪುರದ ಮೇಲೆ ಹಾದ ಗಾಡಿಗಳು ಅರಬೈಲು ಘಟ್ಟ ಇಳಿದು ಕಾರವಾರಕ್ಕೆ ಹೋಗುತ್ತಿದ್ದವು. ನಮ್ಮ ಸೀಮೆಯ ಅಡಿಕೆ, ಕಾಳುಮೆಣಸುಗಳೂ ಘಟ್ಟ ಇಳಿದೇ ಕಡಲು ಕಂಡವು.

ಇನ್ನೊಂದು ನಂಟು ಇದಕ್ಕಿಂತ ಹತ್ತಿರದ್ದು. ನಮ್ಮ ಹಿರಿಯರಲ್ಲಿ ಅನೇಕರು ಪವಿತ್ರ ಹಜ್ ಯಾತ್ರೆಗೆ ಹೋದದ್ದು ಹಡಗಿನಲ್ಲಿ. ಊರಿನಿಂದ ಮುಂಬಯಿಗೆ ಹೋಗಿ, ಅಲ್ಲಿಂದ ಹಡಗು ಹತ್ತಿ, ದಿನಗಟ್ಟಲೆ ನೀರಿನ ಮೇಲೆ ಸಾಗಿ ಜಿದ್ದಾ ಬಂದರಿನಲ್ಲಿ ಇಳಿಯುತ್ತಿದ್ದರು. ಮುಂಬಯಿಯಿಂದ ಹಾಜಿಗಳನ್ನು ಕರೆದೊಯ್ಯುವ ಹಡಗು 1995ರಲ್ಲಿ ನಿಂತಿತು. ಸಾವಿರಾರು ಟನ್ ತೂಕದ ಆ ಹಡಗನ್ನು ಅರಬ್ಬಿ ಸಮುದ್ರದ ಈ ದಡದಿಂದ ಆ ದಡಕ್ಕೆ ನೂಕುತ್ತಿದ್ದದ್ದು ಯಾವುದು? ಅದಕ್ಕೆ ಹಾಯಿ ಇರಲಿಲ್ಲ, ಹುಟ್ಟು ಇರಲಿಲ್ಲ. ಹಡಗಿನ ಹಿಂಬದಿಯಲ್ಲಿ, ನೀರಿನ ಅಡಿಯಲ್ಲಿ, ಯಾತ್ರಿಕರ ಕಣ್ಣಿಗೆ ಬೀಳದಂತೆ ತಿರುಗುತ್ತಿದ್ದ ಲೋಹದ ರೆಕ್ಕೆಗಳು ಆ ಕೆಲಸ ಮಾಡುತ್ತಿದ್ದವು. ಪುಸ್ತಕದಲ್ಲಿ ಅದಕ್ಕೆ ಪ್ರೊಪೆಲ್ಲರ್ ಎನ್ನುತ್ತಾರೆ. ನಮ್ಮ ಕರಾವಳಿಯ ಮೀನುಗಾರರು ಸುಲಭವಾಗಿ ಫ್ಯಾನ್ ಎನ್ನುತ್ತಾರೆ.

ಈ ಫ್ಯಾನನ್ನು ಹಡಗಿಗೆ ಜೋಡಿಸಿ, ಅದು ಕಡಲಿನಲ್ಲಿ ನಡೆಯುತ್ತದೆಂದು ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಮುಖ್ಯರಾದವರು ಫ್ರಾನ್ಸಿಸ್ ಪೆಟಿಟ್ ಸ್ಮಿತ್. ಅವರು ಹಡಗು ಕಟ್ಟುವ ಮನೆತನದವರಲ್ಲ, ನಾವಿಕರಲ್ಲ, ಇಂಜಿನಿಯರರೂ ಅಲ್ಲ. ಕುರಿ ದನ ಮೇಯಿಸುವ ಒಬ್ಬ ರೈತ. ಅವರ ಬದುಕನ್ನು ತಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಹಾಯಿ, ಚಕ್ರ ಮತ್ತು ತಿರುಪು

ಸ್ಮಿತ್ ಅವರು ಹುಟ್ಟುವ ಮೊದಲು ಹಡಗುಗಳು ಹೇಗೆ ನಡೆಯುತ್ತಿದ್ದವು ಎಂಬುದನ್ನು ಮೊದಲು ನೋಡೋಣ. ಸಾವಿರಾರು ವರ್ಷ ಕಡಲಿನಲ್ಲಿ ಗಾಳಿಯದೇ ಅಧಿಕಾರ. ನಮ್ಮ ಕರಾವಳಿಯ ಪತ್ತೇಮಾರಿಗಳು, ಅರಬ್ ವರ್ತಕರ ಹಡಗುಗಳು ಎಲ್ಲವೂ ಗಾಳಿ ಕಾದು ಹೊರಡುತ್ತಿದ್ದವು. ಟಿಪ್ಪು ಸುಲ್ತಾನರು 1796ರಲ್ಲಿ ಯುದ್ಧನೌಕೆಗಳ ದೊಡ್ಡ ಯೋಜನೆ ಹಾಕಿದಾಗಲೂ ಅವು ಹಾಯಿಯ ಹಡಗುಗಳೇ. ಮಳೆಗಾಲ ಬಂತೆಂದರೆ ಕರಾವಳಿಯ ಬಂದರುಗಳಲ್ಲಿ ಹಾಯಿ ಹಡಗುಗಳ ಸಂಚಾರ ನಿಲ್ಲುತ್ತಿತ್ತು.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಉಗಿಯಂತ್ರ ಹಡಗಿಗೆ ಬಂತು. ಇಂಥ ಹಡಗನ್ನು ನಮ್ಮ ಕಡೆ ಆಗಬೋಟಿ ಎಂದು ಕರೆದರು. ಮೊದಲ ಆಗಬೋಟಿಗಳಿಗೆ ಎರಡೂ ಬದಿಗೆ ಹಲಗೆ ಕಟ್ಟಿದ ದೊಡ್ಡ ಚಕ್ರಗಳಿದ್ದವು. ಯಂತ್ರ ಚಕ್ರ ತಿರುಗಿಸುತ್ತಿತ್ತು, ಹಲಗೆಗಳು ಹುಟ್ಟಿನಂತೆ ನೀರನ್ನು ಹಿಂದಕ್ಕೆ ತಳ್ಳುತ್ತಿದ್ದವು. ಹೊಳೆಯಲ್ಲಿ, ಕೆರೆಯಲ್ಲಿ ಇದು ಚೆನ್ನಾಗಿಯೇ ನಡೆಯಿತು. ಕಡಲಿನಲ್ಲಿ ತೊಂದರೆ ಶುರುವಾಯಿತು. ಹಡಗು ಅಲೆಗೆ ಒಂದು ಬದಿಗೆ ವಾಲಿದರೆ ಒಂದು ಚಕ್ರ ನೀರಿನಲ್ಲಿ ಮುಳುಗಿ ಒದ್ದಾಡುತ್ತಿತ್ತು, ಇನ್ನೊಂದು ಗಾಳಿಯಲ್ಲಿ ಸುಮ್ಮನೆ ತಿರುಗುತ್ತಿತ್ತು. ಹೊರಡುವಾಗ ಕಲ್ಲಿದ್ದಲಿನ ಭಾರಕ್ಕೆ ಚಕ್ರ ಆಳಕ್ಕೆ ಇಳಿದಿರುತ್ತಿತ್ತು. ಕಲ್ಲಿದ್ದಲು ಉರಿದು ಹಡಗು ಹಗುರವಾದಂತೆ ಅದೇ ಚಕ್ರ ನೀರಿನಿಂದ ಮೇಲಕ್ಕೆ ಬರುತ್ತಿತ್ತು. ಯುದ್ಧನೌಕೆಯಾದರೆ ಇನ್ನೂ ಕಷ್ಟ. ಶತ್ರುವಿನ ಒಂದೇ ಗುಂಡು ಚಕ್ರವನ್ನು ಪುಡಿ ಮಾಡಬಹುದಿತ್ತು. ಫಿರಂಗಿ ಇಡಬೇಕಾದ ಜಾಗವನ್ನೂ ಚಕ್ರವೇ ಆಕ್ರಮಿಸುತ್ತಿತ್ತು.

ಇದಕ್ಕೆ ಪರಿಹಾರವಾಗಿ ಕೆಲವರ ಮನಸ್ಸಿಗೆ ಬಂದದ್ದು ತಿರುಪು. ಗ್ರೀಕ್ ವಿದ್ವಾಂಸ ಆರ್ಕಿಮಿಡೀಸ್ ಅವರ ಹೆಸರಿನಲ್ಲಿ ಪ್ರಸಿದ್ಧವಾದ, ನೀರನ್ನು ಮೇಲೆತ್ತುವ ತಿರುಪು ಬಹಳ ಪ್ರಾಚೀನವಾದದ್ದು. ಒಂಬತ್ತನೆಯ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ಸಾಬಿತ್ ಇಬ್ನ್ ಕುರ್ರಾ ಅವರಂಥ ವಿದ್ವಾಂಸರು ಆರ್ಕಿಮಿಡೀಸ್ ಅವರ ಗಣಿತ ಗ್ರಂಥಗಳನ್ನು ಅರಬ್ಬಿಗೆ ತಂದು ಉಳಿಸಿದರು. 1206ರಲ್ಲಿ ಅಲ್ ಜಝರಿ ಅವರು ಬರೆದ ಯಂತ್ರಗಳ ಗ್ರಂಥದಲ್ಲಿ ನೀರೆತ್ತುವ ಬಗೆಬಗೆಯ ಯಂತ್ರಗಳ ವಿವರ ಇದೆ. ವಿದ್ಯೆ ಹೀಗೆ ಕೈಯಿಂದ ಕೈಗೆ, ಭಾಷೆಯಿಂದ ಭಾಷೆಗೆ ಸಾಗಿ ಬರುವ ವಸ್ತು.

ತಿರುಪು ಒಂದೆಡೆ ನಿಂತು ತಿರುಗಿದರೆ ನೀರು ಚಲಿಸುತ್ತದೆ. ಆ ತಿರುಪನ್ನೇ ಹಡಗಿಗೆ ಕಟ್ಟಿ ತಿರುಗಿಸಿದರೆ ಹಡಗು ಏಕೆ ಚಲಿಸಬಾರದು? ಆಸ್ಟ್ರಿಯಾದ ಅರಣ್ಯಾಧಿಕಾರಿ ಜೋಸೆಫ್ ರೆಸೆಲ್ ಅವರು 1827ರಲ್ಲಿ ಇದಕ್ಕೆ ಪೇಟೆಂಟ್ ಪಡೆದು, 1829ರಲ್ಲಿ ಟ್ರಿಯೆಸ್ಟ್ ಬಂದರಿನಲ್ಲಿ ಒಂದು ಹಡಗನ್ನು ನಡೆಸಿಯೂ ನೋಡಿದರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಉಗಿಯ ಕೊಳವೆ ಒಡೆಯಿತು. ಪೊಲೀಸರು ಮುಂದಿನ ಪ್ರಯೋಗಗಳನ್ನೇ ನಿಷೇಧಿಸಿದರು. ತಪ್ಪು ಕೊಳವೆಯದು, ಶಿಕ್ಷೆ ತಿರುಪಿಗೆ.

ಹೆಂಡನ್ ಎಂಬ ಹಳ್ಳಿಯ ಕೆರೆ

ಫ್ರಾನ್ಸಿಸ್ ಪೆಟಿಟ್ ಸ್ಮಿತ್ ಅವರು 1808ರ ಫೆಬ್ರುವರಿ 9ರಂದು ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ ಜನಿಸಿದರು. ತಂದೆ ಹೈತ್ ಎಂಬ ಊರಿನಲ್ಲಿ ಪೋಸ್ಟ್‌ಮಾಸ್ಟರ್ ಆಗಿದ್ದರು. ಆಷ್‌ಫರ್ಡ್ ಊರಿನ ಒಂದು ಖಾಸಗಿ ಶಾಲೆಯಲ್ಲಿ ಸ್ಮಿತ್ ಅವರ ಓದು ನಡೆಯಿತು. ಬಾಲ್ಯದಿಂದಲೂ ಅವರಿಗೆ ಆಟಿಕೆಯ ದೋಣಿ ಮಾಡುವ ಹುಚ್ಚು. ಬರಿಯ ದೋಣಿ ಮಾಡಿ ತೇಲಿಬಿಟ್ಟರೆ ಅವರಿಗೆ ಸಮಾಧಾನವಿರಲಿಲ್ಲ. ಅದನ್ನು ಮುಂದಕ್ಕೆ ನಡೆಸುವ ಹೊಸ ಹೊಸ ಉಪಾಯಗಳನ್ನು ಹುಡುಕುತ್ತಿದ್ದರು.

ದೊಡ್ಡವರಾದ ಮೇಲೆ ರಾಮ್ನಿ ಮಾರ್ಷ್ ಎಂಬ ಹುಲ್ಲುಗಾವಲಿನ ಬಯಲಿನಲ್ಲಿ, ಅನಂತರ ಲಂಡನ್ ಸಮೀಪದ ಹೆಂಡನ್‌ನಲ್ಲಿ ಅವರು ಕುರಿ ದನ ಮೇಯಿಸುವ ಬೇಸಾಯ ಹಿಡಿದರು. ಆದರೆ ಬಾಲ್ಯದ ಹುಚ್ಚು ಬಿಡಲಿಲ್ಲ. ಜಮೀನಿನ ಹತ್ತಿರ ಒಂದು ದೊಡ್ಡ ಕೆರೆ ಇತ್ತು. 1834ರಲ್ಲಿ ಅವರು ಒಂದು ಮಾದರಿ ದೋಣಿ ಮಾಡಿ, ಹಿಂಬದಿಗೆ ಮರದ ತಿರುಪು ಇಟ್ಟು, ಗಡಿಯಾರದಲ್ಲಿರುವಂಥ ಸ್ಪ್ರಿಂಗ್ ಸುತ್ತಿ ಆ ಕೆರೆಯಲ್ಲಿ ಬಿಟ್ಟರು. ದೋಣಿ ಓಡಿತು. ಮರುವರ್ಷ ಇನ್ನೂ ಉತ್ತಮವಾದ ಮಾದರಿ ಮಾಡಿದರು. ಬದಿಯ ಚಕ್ರಕ್ಕಿಂತ ನೀರಿನೊಳಗಿನ ತಿರುಪೇ ಮೇಲು ಎಂಬ ನಂಬಿಕೆ ಅವರಲ್ಲಿ ಗಟ್ಟಿಯಾಯಿತು. 1836ರ ಮೇ 31ರಂದು ಪೇಟೆಂಟ್ ಪಡೆದರು. ಆಗ ಅವರಿಗೆ 28 ವರ್ಷ.

ಕೇವಲ ಆರು ವಾರಗಳ ಅನಂತರ, ಅದೇ ವರ್ಷದ ಜುಲೈ 13ರಂದು, ಲಂಡನ್ನಿನಲ್ಲಿ ನೆಲೆಸಿದ್ದ ಸ್ವೀಡನ್ನಿನ ಪ್ರಸಿದ್ಧ ಇಂಜಿನಿಯರ್ ಜಾನ್ ಎರಿಕ್ಸನ್ ಅವರೂ ಇನ್ನೊಂದು ಬಗೆಯ ಪ್ರೊಪೆಲ್ಲರಿಗೆ ಪೇಟೆಂಟ್ ಪಡೆದರು. ಒಂದೇ ಪ್ರಶ್ನೆಯನ್ನು ಒಬ್ಬ ನುರಿತ ಇಂಜಿನಿಯರ್ ಮತ್ತು ಒಬ್ಬ ರೈತ ಒಂದೇ ಕಾಲದಲ್ಲಿ ಬಿಡಿಸುತ್ತಿದ್ದರು. ಇದರಲ್ಲಿ ಆಶ್ಚರ್ಯವಿಲ್ಲ. ಕಾಲ ಪಕ್ವವಾದಾಗ ಒಂದೇ ಹಣ್ಣು ಹಲವು ತೋಟಗಳಲ್ಲಿ ಹಣ್ಣಾಗುತ್ತದೆ.

ಮುರಿದ ತಿರುಪು ಕಲಿಸಿದ ಪಾಠ

ಒಬ್ಬ ಬ್ಯಾಂಕರ್ ಅವರ ಹಣದ ನೆರವಿನಿಂದ ಸ್ಮಿತ್ ಅವರು ಹತ್ತು ಟನ್ನಿನ ಒಂದು ಚಿಕ್ಕ ದೋಣಿ ಕಟ್ಟಿಸಿದರು. ಅದಕ್ಕೆ ಸುಮಾರು ಆರು ಅಶ್ವಶಕ್ತಿಯ ಉಗಿಯಂತ್ರ. ಹಿಂಬದಿಗೆ ಮರದ ತಿರುಪು. ಈ ತಿರುಪು ಇಂದಿನ ಫ್ಯಾನಿನಂತೆ ಇರಲಿಲ್ಲ. ಮರಕ್ಕೆ ಹೊಡೆಯುವ ತಿರುಪುಮೊಳೆಯನ್ನು ನೆನೆಸಿಕೊಳ್ಳಿ. ಅದರ ಸುರುಳಿಯಂತೆ ಎರಡು ಪೂರ್ತಿ ಸುತ್ತು ಇರುವ ಉದ್ದನೆಯ ತಿರುಪು ಅದು. ಸುತ್ತು ಹೆಚ್ಚಿದ್ದಷ್ಟೂ ನೀರಿನ ಹಿಡಿತ ಹೆಚ್ಚು ಎಂದು ಅವರು ಲೆಕ್ಕ ಹಾಕಿದ್ದರು. ಮರದಲ್ಲಿ ಈ ಲೆಕ್ಕ ಸರಿ.

1837ರ ಫೆಬ್ರುವರಿಯಲ್ಲಿ ಪ್ಯಾಡಿಂಗ್ಟನ್ ಕಾಲುವೆಯಲ್ಲಿ ದೋಣಿ ನಡೆಸುತ್ತಿದ್ದಾಗ ತಿರುಪು ಏನಕ್ಕೋ ತಗುಲಿತು. ಅರ್ಧದಷ್ಟು ಭಾಗ ಮುರಿದು ಹೋಯಿತು. ದೋಣಿ ನಿಲ್ಲಬೇಕಿತ್ತು, ಕಡೇಪಕ್ಷ ನಿಧಾನವಾಗಬೇಕಿತ್ತು. ಆದರೆ ಅದು ಮೊದಲಿಗಿಂತ ಜೋರಾಗಿ ಓಡತೊಡಗಿತು!

ವಿದ್ಯಾರ್ಥಿ ಮಿತ್ರರೇ, ಇಲ್ಲಿ ಒಂದು ಕ್ಷಣ ನಿಂತು ಯೋಚಿಸಿ. ಏಕೆ ಹೀಗಾಯಿತು?

ನೀರು ಮರದಂತೆ ಗಟ್ಟಿಯಲ್ಲ. ತಿರುಪಿನ ಓರೆಯಾದ ಮೈ ತಿರುಗುವಾಗ ನೀರನ್ನು ಹಿಂದಕ್ಕೆ ತಳ್ಳುತ್ತದೆ. ನ್ಯೂಟನ್ನರ ಮೂರನೆಯ ನಿಯಮದಂತೆ ಹಿಂದಕ್ಕೆ ತಳ್ಳಲ್ಪಟ್ಟ ನೀರು ತಿರುಪನ್ನು, ಅದರ ಮೂಲಕ ಹಡಗನ್ನು ಮುಂದಕ್ಕೆ ತಳ್ಳುತ್ತದೆ. ಈ ಕೆಲಸದ ಹೆಚ್ಚಿನ ಪಾಲು ತಿರುಪಿನ ಮೊದಲ ಭಾಗದಲ್ಲೇ ಮುಗಿದಿರುತ್ತದೆ. ಎರಡನೆಯ ಸುತ್ತಿಗೆ ಸಿಗುವುದು ಆಗಲೇ ವೇಗ ಪಡೆದು ಗಿರ್ರನೆ ತಿರುಗುತ್ತಿರುವ ನೀರು. ಅದನ್ನು ಇನ್ನಷ್ಟು ತಳ್ಳುವುದು ಕಷ್ಟ. ಉದ್ದನೆಯ ಮೈ ನೀರಿಗೆ ಉಜ್ಜಿ ಯಂತ್ರದ ಶಕ್ತಿ ವ್ಯರ್ಥವಾಗುತ್ತದೆ, ಅಷ್ಟೆ. ಮುರಿದು ಬಿದ್ದದ್ದು ಕೆಲಸ ಮಾಡದ, ಬರಿಯ ಭಾರವಾಗಿದ್ದ ಭಾಗ.

ಬೇರೆಯವರಾಗಿದ್ದರೆ ಮುರಿದದ್ದನ್ನು ಮೊದಲಿನಂತೆಯೇ ಮಾಡಿಸಿ ಹಾಕುತ್ತಿದ್ದರೇನೋ. ತನ್ನ ಲೆಕ್ಕ ತಲೆಕೆಳಗಾದದ್ದನ್ನು ಸ್ಮಿತ್ ಅವರು ಒಪ್ಪಿಕೊಂಡರು. ಹೊಸದಾಗಿ ಒಂದೇ ಸುತ್ತಿನ ತಿರುಪು ಮಾಡಿಸಿದರು. ಅಲ್ಲಿಂದ ಮುಂದೆ ತಿರುಪು ಗಿಡ್ಡವಾಗುತ್ತಾ ಹೋಗಿ, ಬಿಡಿ ಬಿಡಿ ರೆಕ್ಕೆಗಳಾಗಿ, ನಾವಿಂದು ಕಾಣುವ ಪ್ರೊಪೆಲ್ಲರ್ ಆಯಿತು. ತಿರುಪು ಗಟ್ಟಿ ವಸ್ತುವಿನಲ್ಲಿ ಒಂದು ಸುತ್ತಿಗೆ ಎಷ್ಟು ದೂರ ಮುಂದೆ ಹೋಗಬೇಕೋ ಅದಕ್ಕೆ ಇಂಜಿನಿಯರುಗಳು ಪಿಚ್ ಎನ್ನುತ್ತಾರೆ. ನೀರು ಜಾರುವುದರಿಂದ ಹಡಗು ಅಷ್ಟು ದೂರ ಹೋಗುವುದಿಲ್ಲ. ಆ ಕೊರತೆಗೆ ಸ್ಲಿಪ್ ಎಂದು ಹೆಸರು. ಈ ಎರಡು ಪದಗಳು ನಿಮಗೆ ಅರ್ಥವಾದರೆ ಪ್ರೊಪೆಲ್ಲರಿನ ಅರ್ಧ ವಿದ್ಯೆ ನಿಮ್ಮದಾದಂತೆ.

ಚುಕ್ಕಾಣಿಯ ಪ್ರಶ್ನೆ

ಅದೇ 1837ರಲ್ಲಿ ಎರಿಕ್ಸನ್ ಅವರು ತಮ್ಮ ದೋಣಿಯನ್ನು ಥೇಮ್ಸ್ ನದಿಗೆ ತಂದರು. ಬ್ರಿಟಿಷ್ ನೌಕಾಪಡೆಯ ಅಧಿಕಾರಿಗಳನ್ನು ಒಂದು ನಾವೆಯಲ್ಲಿ ಕೂರಿಸಿ, ಅದನ್ನು ತಮ್ಮ ದೋಣಿಗೆ ಕಟ್ಟಿ ಎಳೆದು ತೋರಿಸಿದರು. ಪ್ರಯಾಣ ಸುಗಮವಾಗಿಯೇ ನಡೆಯಿತು. ಆದರೂ ನೌಕಾಪಡೆ ಅವರ ಯಂತ್ರವನ್ನು ಒಪ್ಪಲಿಲ್ಲ. ನೌಕಾಪಡೆಯ ಹಡಗುಗಳ ವಿನ್ಯಾಸದ ಮುಖ್ಯಸ್ಥರಾಗಿದ್ದ ಸರ್ ವಿಲಿಯಂ ಸಿಮಂಡ್ಸ್ ಅವರು ಎತ್ತಿದ ಆಕ್ಷೇಪ ಇದು: ನೂಕುವ ಶಕ್ತಿ ಹಡಗಿನ ಹಿಂಬದಿಯಲ್ಲಿದ್ದರೆ ಆ ಹಡಗು ಚುಕ್ಕಾಣಿಯ ಮಾತು ಕೇಳುವುದಿಲ್ಲ, ಅದನ್ನು ತಿರುಗಿಸಲಾಗದು. ಬೇಸರಗೊಂಡ ಎರಿಕ್ಸನ್ ಅವರು 1839ರಲ್ಲಿ ಅಮೆರಿಕಕ್ಕೆ ಹೊರಟುಹೋಗಿ, ಅಲ್ಲಿ ಹೆಸರು ಮಾಡಿದರು.

ಈ ಆಕ್ಷೇಪ ಸರಿಯೋ ತಪ್ಪೋ ಎಂದು ತಿಳಿಯಬೇಕಾದರೆ ಚುಕ್ಕಾಣಿ ಹೇಗೆ ಕೆಲಸ ಮಾಡುತ್ತದೆಂದು ತಿಳಿಯಬೇಕು. ಚುಕ್ಕಾಣಿ ಎಂದರೆ ಹಡಗಿನ ಹಿಂಬದಿಯಲ್ಲಿ ಬಾಗಿಲಿನಂತೆ ಆಚೀಚೆ ತಿರುಗುವ ಒಂದು ಹಲಗೆ. ಅದನ್ನು ಬಲಕ್ಕೆ ತಿರುಗಿಸಿದರೆ ಹರಿದು ಬರುವ ನೀರು ಅದಕ್ಕೆ ಬಡಿದು ಬಲಕ್ಕೆ ಹೊರಳುತ್ತದೆ. ಹಡಗಿನ ಹಿಂಬದಿ ಎಡಕ್ಕೆ ಸರಿಯುತ್ತದೆ. ಹಿಂಬದಿ ಎಡಕ್ಕೆ ಸರಿದರೆ ಮೂತಿ ಬಲಕ್ಕೆ ತಿರುಗುತ್ತದೆ. ಅಂದರೆ ಚುಕ್ಕಾಣಿಗೆ ನೀರು ಬಡಿಯಬೇಕು. ನಿಂತ ನೀರಿನಲ್ಲಿ ನಿಂತ ಹಡಗಿನ ಚುಕ್ಕಾಣಿಯನ್ನು ಎಷ್ಟು ತಿರುಗಿಸಿದರೂ ಹಡಗು ಅಲುಗುವುದಿಲ್ಲ.

ಈಗ ಪ್ರೊಪೆಲ್ಲರನ್ನು ಚುಕ್ಕಾಣಿಯ ಮುಂದೆ ಇಟ್ಟರೆ ಏನಾಗುತ್ತದೆ ನೋಡಿ. ಪ್ರೊಪೆಲ್ಲರ್ ಹಿಂದಕ್ಕೆ ತಳ್ಳುವ ನೀರಿನ ರಭಸ ನೇರವಾಗಿ ಚುಕ್ಕಾಣಿಗೆ ಬಡಿಯುತ್ತದೆ. ಹಡಗು ಇನ್ನೂ ಹೊರಟಿರದಿದ್ದರೂ ಚುಕ್ಕಾಣಿಗೆ ಬಲ ಬರುತ್ತದೆ. ಬದಿಯ ಚಕ್ರದ ಹಡಗಿಗೆ ಈ ಅನುಕೂಲ ಇರಲಿಲ್ಲ. ಎರಿಕ್ಸನ್ ಅವರ ದೋಣಿಯಲ್ಲಿ ಪ್ರೊಪೆಲ್ಲರ್ ಇದ್ದದ್ದು ಚುಕ್ಕಾಣಿಯ ಹಿಂದೆ. ಸ್ಮಿತ್ ಅವರು ಅದನ್ನು ಹಡಗಿನ ಹಿಂಬದಿಯ ಮರದ ಭಾಗದಲ್ಲಿ ಕಿಂಡಿ ಕೊರೆದು, ಚುಕ್ಕಾಣಿಯ ಮುಂದೆ ಇಟ್ಟರು. ಯಾವುದರಿಂದ ಹಡಗು ಮಾತು ಕೇಳದೆಂದು ದೊಡ್ಡವರು ಭಯಪಟ್ಟರೋ ಅದೇ, ಸರಿಯಾದ ಜಾಗದಲ್ಲಿಟ್ಟಾಗ, ಹಡಗು ಬೇಗ ಮಾತು ಕೇಳುವಂತೆ ಮಾಡಿತು.

ಕಾಲುವೆಯಲ್ಲಿ ಓಡಿದ್ದು ಕಡಲಿನಲ್ಲಿ ಓಡೀತೇ ಎಂಬ ಪ್ರಶ್ನೆ ಇನ್ನೂ ಇತ್ತು. 1837ರ ಸೆಪ್ಟೆಂಬರಿನಲ್ಲಿ ಸ್ಮಿತ್ ಅವರು ತಮ್ಮ ಚಿಕ್ಕ ದೋಣಿಯನ್ನು ಕಡಲಿಗೇ ಇಳಿಸಿದರು. ರ‍್ಯಾಮ್ಸ್‌ಗೇಟ್, ಡೋವರ್, ತಮ್ಮ ಹೈತ್ ಹೀಗೆ ಬಂದರಿನಿಂದ ಬಂದರಿಗೆ ಹೋದರು. ಮರಳುವಾಗ ಕಡಲು ಕೆರಳಿತ್ತು. ಆ ಅಲೆಗಳ ನಡುವೆ ಬರುತ್ತಿದ್ದ ಚಕ್ರವಿಲ್ಲದ ಆ ಪುಟ್ಟ ಆಗಬೋಟಿಯನ್ನು ನೌಕಾಪಡೆಯ ಅಧಿಕಾರಿಗಳು ದಡದಿಂದ ಕಂಡರು. ಇನ್ನೂ ದೊಡ್ಡ ಹಡಗಿನಲ್ಲಿ ಇದನ್ನು ಮಾಡಿ ತೋರಿಸಿದರೆ ವಿಚಾರಿಸಬಹುದು ಎಂದು ಸರ್ಕಾರದಿಂದ ಸೂಚನೆ ಬಂತು.

ಆರ್ಕಿಮಿಡೀಸ್ ಎಂಬ ಹಡಗು

ಅದಕ್ಕಾಗಿ ಒಂದು ಕಂಪನಿ ಹುಟ್ಟಿತು. 237 ಟನ್ನಿನ ಹೊಸ ಹಡಗು 1838ರಲ್ಲಿ ಲಂಡನ್ನಿನಲ್ಲಿ ನೀರಿಗಿಳಿಯಿತು. ಅದಕ್ಕೆ ಆರ್ಕಿಮಿಡೀಸ್ ಎಂದೇ ಹೆಸರಿಟ್ಟರು. ನೌಕಾಪಡೆಯವರು ನಿರೀಕ್ಷಿಸಿದ್ದಕ್ಕಿಂತ ಸುಮಾರು ಇಮ್ಮಡಿ ವೇಗದಲ್ಲಿ ಅದು ಓಡಿತು. ದಾರಿ ಸುಗಮವಾಗಿರಲಿಲ್ಲ. 1839ರಲ್ಲಿ ಬಾಯ್ಲರ್ ಸ್ಫೋಟಿಸಿ ತಿಂಗಳುಗಟ್ಟಲೆ ದುರಸ್ತಿಯಲ್ಲಿ ಹೋಯಿತು. ಅದು ಮುಗಿದ ಮೇಲೆ ಯಂತ್ರದ ಕ್ರ್ಯಾಂಕ್ ಮುರಿಯಿತು. ರೆಸೆಲ್ ಅವರ ಪ್ರಯೋಗ ಒಂದು ಕೊಳವೆ ಒಡೆದದ್ದಕ್ಕೆ ನಿಂತುಹೋಗಿತ್ತು. ಸ್ಮಿತ್ ಅವರು ಮಾತ್ರ ದುರಸ್ತಿ ಮಾಡಿಸಿ ಮತ್ತೆ ಹೊರಟರು. 1840ರಲ್ಲಿ ಆ ಹಡಗು ಬ್ರಿಟನ್ ದ್ವೀಪವನ್ನೇ ಸುತ್ತಿ ಬಂತು. ಬಂದರು ಬಂದರಿನಲ್ಲಿ ನಿಂತು ನಾವಿಕರಿಗೆ, ಇಂಜಿನಿಯರುಗಳಿಗೆ ತನ್ನ ಕೆಲಸ ತೋರಿಸಿತು. ಪೋರ್ಚುಗಲ್ಲಿನ ಒಪೋರ್ಟೊವರೆಗೂ ಹೋಗಿ ಬಂತು.

ಆಗ ಬ್ರಿಸ್ಟಲ್ ನಗರದಲ್ಲಿ ಪ್ರಸಿದ್ಧ ಇಂಜಿನಿಯರ್ ಇಸಂಬಾರ್ಡ್ ಬ್ರುನೆಲ್ ಅವರು ಗ್ರೇಟ್ ಬ್ರಿಟನ್ ಎಂಬ ಭಾರಿ ಕಬ್ಬಿಣದ ಹಡಗನ್ನು ಕಟ್ಟಿಸುತ್ತಿದ್ದರು. ಅದಕ್ಕೆ ಬದಿಯ ಚಕ್ರ ಹಾಕುವುದೆಂದು ತೀರ್ಮಾನವಾಗಿತ್ತು. ಆರ್ಕಿಮಿಡೀಸ್ ಹಡಗನ್ನು ಕೆಲವು ತಿಂಗಳು ಪಡೆದು ಪರೀಕ್ಷಿಸಿದ ಬ್ರುನೆಲ್ ಅವರು ಅರ್ಧ ಕಟ್ಟಿದ ಹಡಗಿನ ನಕ್ಷೆಯನ್ನೇ ಬದಲಿಸಿ ಪ್ರೊಪೆಲ್ಲರ್ ಆರಿಸಿಕೊಂಡರು. 1843ರಲ್ಲಿ ನೀರಿಗಿಳಿದ ಆ ಹಡಗು 1845ರಲ್ಲಿ ಲಿವರ್‌ಪೂಲ್‌ನಿಂದ ನ್ಯೂಯಾರ್ಕಿಗೆ ಸುಮಾರು 14 ದಿನಗಳಲ್ಲಿ ತಲುಪಿತು. ಅದನ್ನು ಇಂದಿಗೂ ಬ್ರಿಸ್ಟಲ್‌ನಲ್ಲಿ ಸಂಗ್ರಹಾಲಯವಾಗಿ ಕಾಪಾಡಿಕೊಂಡಿದ್ದಾರೆ.

ನೌಕಾಪಡೆಯೂ ರ‍್ಯಾಟ್ಲರ್ ಎಂಬ ಹಡಗು ಕಟ್ಟಿಸಿ, ಬಗೆಬಗೆಯ ಪ್ರೊಪೆಲ್ಲರುಗಳನ್ನು ಒಂದೊಂದಾಗಿ ಹಾಕಿ ಪರೀಕ್ಷಿಸಿತು. 1845ರ ಏಪ್ರಿಲ್ 3ರಂದು ನಡೆದದ್ದು ಇಡೀ ಜಗತ್ತಿಗೆ ತಿಳಿದ ಹಗ್ಗ ಜಗ್ಗಾಟ. ಒಂದು ಕಡೆ ಪ್ರೊಪೆಲ್ಲರಿನ ರ‍್ಯಾಟ್ಲರ್, ಇನ್ನೊಂದು ಕಡೆ ಚಕ್ರದ ಅಲೆಕ್ಟೊ. ಎರಡನ್ನೂ ಹಿಂಬದಿಯಿಂದ ಹಗ್ಗ ಹಾಕಿ ಕಟ್ಟಿ, ವಿರುದ್ಧ ದಿಕ್ಕಿಗೆ ಪೂರ್ತಿ ಉಗಿಯಲ್ಲಿ ನಡೆಸಿದರು. ರ‍್ಯಾಟ್ಲರ್ ತನ್ನ ಎದುರಾಳಿಯನ್ನು ಎರಡೂವರೆ ನಾಟ್‌ಗೂ ಹೆಚ್ಚಿನ ವೇಗದಲ್ಲಿ ಹಿಂದಕ್ಕೆ ಎಳೆದುಕೊಂಡು ಹೋಯಿತು. ಒಂದು ವಿಷಯ ಇಲ್ಲಿ ಹೇಳಬೇಕು. ಪ್ರೊಪೆಲ್ಲರ್ ಬೇಕೆಂದು ನೌಕಾಪಡೆ ಅಷ್ಟರಲ್ಲಿ ತೀರ್ಮಾನಿಸಿಯಾಗಿತ್ತು. ತೀರ್ಪು ಬಂದದ್ದು ಅದಕ್ಕೂ ಮೊದಲಿನ ಹತ್ತಾರು ತಾಳ್ಮೆಯ ಪರೀಕ್ಷೆಗಳಿಂದ. ಹಗ್ಗ ಜಗ್ಗಾಟ ಅದನ್ನು ಜನರ ಕಣ್ಣಿಗೆ ಕಾಣುವಂತೆ ಮಾಡಿತು.

ಗೆದ್ದವರ ಬರಿಗೈ

ಇಷ್ಟೆಲ್ಲ ಸಾಧಿಸಿದ ಸ್ಮಿತ್ ಅವರು ಶ್ರೀಮಂತರಾದರೇ? ಇಲ್ಲ. ಪ್ರೊಪೆಲ್ಲರ್ ಕಂಪನಿ ಸುಮಾರು 50,000 ಪೌಂಡ್ ನಷ್ಟ ಅನುಭವಿಸಿತು. ಸ್ಮಿತ್ ಅವರು 1850ರವರೆಗೆ ನೌಕಾಪಡೆಗೆ ಸಲಹೆಗಾರರಾಗಿದ್ದರು. 1856ರಲ್ಲಿ ಪೇಟೆಂಟಿನ ಅವಧಿ ಮುಗಿಯಿತು. ಅಷ್ಟರಲ್ಲಿ ನೂರಾರು ಹಡಗುಗಳು ಪ್ರೊಪೆಲ್ಲರ್ ಹಾಕಿಕೊಂಡು ಓಡುತ್ತಿದ್ದವು, ಅದನ್ನು ತಂದವರು ಗುರ್ನ್ಸಿ ದ್ವೀಪದಲ್ಲಿ ಮತ್ತೆ ಬೇಸಾಯಕ್ಕೆ ಮರಳಿದ್ದರು. ಸರ್ಕಾರ ವರ್ಷಕ್ಕೆ 200 ಪೌಂಡುಗಳ ಪಿಂಚಣಿ ಕೊಟ್ಟಿತು. ಅವರ ಕೆಲಸದ ಬೆಲೆ ಅರಿತವರು ಸೇರಿ ನಿಧಿ ಕೂಡಿಸಿ ಗೌರವಿಸಿದರು. 1860ರಲ್ಲಿ ಲಂಡನ್ನಿನ ಪೇಟೆಂಟ್ ಸಂಗ್ರಹಾಲಯದ ಮೇಲ್ವಿಚಾರಕರ ಹುದ್ದೆ ದೊರೆಯಿತು. ಇತರರು ಕಂಡುಹಿಡಿದ ಯಂತ್ರಗಳನ್ನು ಜೋಪಾನವಾಗಿ ಕಾಯುತ್ತಾ ಅವರು ತಮ್ಮ ಕೊನೆಯ ವರ್ಷಗಳನ್ನು ಕಳೆದರು. 1871ರಲ್ಲಿ ಸರ್ ಪದವಿ ಬಂತು. 1874ರ ಫೆಬ್ರುವರಿ 12ರಂದು, 66ರ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಅವರು ಒಬ್ಬರೇ ಎಲ್ಲವನ್ನೂ ಮಾಡಿದರೆಂದು ಹೇಳಿದರೆ ಅದು ನ್ಯಾಯವಲ್ಲ. ರೆಸೆಲ್, ಎರಿಕ್ಸನ್, ಬ್ರುನೆಲ್ ಎಲ್ಲರ ಪಾಲೂ ಇದರಲ್ಲಿದೆ. ಪ್ರೊಪೆಲ್ಲರಿನ ಶಾಫ್ಟು ಹಡಗಿನ ಮೈ ತೂರಿ ಹೊರಬರುವ ಜಾಗದಲ್ಲಿ ಲೋಹಕ್ಕೆ ಲೋಹ ಉಜ್ಜಿ ಬೇಗ ಸವೆದು, ನೀರು ಒಳನುಗ್ಗುವ ತೊಂದರೆ ಇತ್ತು. 1850ರ ದಶಕದಲ್ಲಿ ಜಾನ್ ಪೆನ್ ಎಂಬ ಇಂಜಿನಿಯರ್ ಅಲ್ಲಿ ಲಿಗ್ನಮ್ ವೈಟಿ ಎಂಬ ಅತಿ ಗಟ್ಟಿ ಮರದ ಪಟ್ಟಿಗಳನ್ನು ಕೂರಿಸಿದರು. ಕಡಲ ನೀರೇ ಎಣ್ಣೆಯಂತೆ ಕೆಲಸ ಮಾಡಿತು. ಕಬ್ಬಿಣದಿಂದ ಬಿಡಿಸಲಾಗದ ಸಮಸ್ಯೆಯನ್ನು ಮರ ಬಿಡಿಸಿತು ಎಂದರೆ ಕಾಡಿನ ನಡುವೆ ಬೆಳೆದ ನಮಗೆ ಸಂತೋಷವಾಗಬೇಕು.

ಸ್ಮಿತ್ ಅವರ ತಿರುಪು ಇಂದು

ಇಂದಿನ ಪ್ರೊಪೆಲ್ಲರುಗಳ ಗಾತ್ರ ಕೇಳಿದರೆ ಬೆರಗಾಗುತ್ತದೆ. 2006ರಲ್ಲಿ ಕಡಲಿಗಿಳಿದ ಎಮ್ಮಾ ಮರ್ಸ್ಕ್ ಎಂಬ ಕಂಟೇನರ್ ಹಡಗಿನ ಒಂದೇ ಪ್ರೊಪೆಲ್ಲರಿನ ತೂಕ ಸುಮಾರು 130 ಟನ್. ನಮ್ಮ ಜಿಲ್ಲೆಯ ಕಾರವಾರದ ಐಎನ್‌ಎಸ್ ಕದಂಬ ನೌಕಾನೆಲೆಯಲ್ಲಿ ನೆಲೆಗೊಂಡ ವಿಕ್ರಮಾದಿತ್ಯ ಯುದ್ಧನೌಕೆಗೆ ನಾಲ್ಕು ಪ್ರೊಪೆಲ್ಲರ್ ಶಾಫ್ಟುಗಳಿವೆ.

ಪ್ರೊಪೆಲ್ಲರ್ ಹಡಗನ್ನು ನೂಕುವುದಷ್ಟೇ ಅಲ್ಲ, ತಿರುಗಿಸಲೂ ನೆರವಾಗುತ್ತದೆ. ಒಂದೇ ಪ್ರೊಪೆಲ್ಲರ್ ಇರುವ ಹಡಗನ್ನು ಹಿಂದಕ್ಕೆ ನಡೆಸಿದರೆ ಹಿಂಬದಿ ಸ್ವಲ್ಪ ಒಂದು ಬದಿಗೆ ಸರಿಯುತ್ತದೆ. ಹಿಂದಿನಿಂದ ನೋಡುವಾಗ ಗಡಿಯಾರದ ಮುಳ್ಳಿನಂತೆ ತಿರುಗಿ ಮುಂದೆ ನೂಕುವ ಪ್ರೊಪೆಲ್ಲರಾದರೆ, ಹಿಮ್ಮುಖ ನಡೆಸಿದಾಗ ಹಿಂಬದಿ ಎಡಕ್ಕೆ ಹೋಗುತ್ತದೆ. ಅನುಭವಸ್ಥ ಕಪ್ತಾನರು ಹಡಗನ್ನು ದಕ್ಕೆಗೆ ತಾಗಿಸುವಾಗ ಇದನ್ನೇ ಉಪಯೋಗಿಸಿಕೊಳ್ಳುತ್ತಾರೆ. ಎರಡು ಪ್ರೊಪೆಲ್ಲರ್ ಇದ್ದರೆ ಒಂದನ್ನು ಮುಂದಕ್ಕೂ ಒಂದನ್ನು ಹಿಂದಕ್ಕೂ ತಿರುಗಿಸಿ ಹಡಗನ್ನು ಹೆಚ್ಚುಕಡಿಮೆ ನಿಂತಲ್ಲೇ ಸುತ್ತಿಸಬಹುದು. ಕೆಲವು ಹಡಗುಗಳ ಮೂತಿಯಲ್ಲಿ ಅಡ್ಡಲಾಗಿ ಒಂದು ಸುರಂಗ ಮಾಡಿ ಅದರೊಳಗೂ ಪ್ರೊಪೆಲ್ಲರ್ ಇಟ್ಟಿರುತ್ತಾರೆ. ಅದು ಮೂತಿಯನ್ನು ಬದಿಗೆ ಸರಿಸುತ್ತದೆ. ಇನ್ನು ಕೆಲವು ಹಡಗುಗಳಲ್ಲಿ ಪ್ರೊಪೆಲ್ಲರನ್ನೇ ಬೇಕಾದ ದಿಕ್ಕಿಗೆ ತಿರುಗಿಸುವ ವ್ಯವಸ್ಥೆ ಇದೆ. ಅಂಥ ಹಡಗಿಗೆ ಚುಕ್ಕಾಣಿಯೇ ಬೇಡ. ಹಿಂಬದಿಯಲ್ಲಿ ಶಕ್ತಿ ಇಟ್ಟರೆ ಹಡಗು ಮಾತು ಕೇಳದು ಎಂದು ಒಂದು ಕಾಲದಲ್ಲಿ ವಾದಿಸಿದ್ದರು ಎಂಬುದನ್ನು ನೆನೆದರೆ ಕಾಲ ಎಷ್ಟು ಮುಂದೆ ಬಂದಿದೆ ಎಂದು ತಿಳಿಯುತ್ತದೆ.

ನಮ್ಮ ಮಕ್ಕಳ ಮುಂದಿರುವ ದಾರಿ

ಪವಿತ್ರ ಕುರ್‌ಆನ್ ಕಡಲಿನ ಮೇಲೆ ಸಾಗುವ ಹಡಗನ್ನು ಅಲ್ಲಾಹನ ನಿದರ್ಶನಗಳಲ್ಲಿ ಒಂದೆಂದು ಹಲವು ಕಡೆ ನೆನಪಿಸುತ್ತದೆ, ಯೋಚಿಸುವವರಿಗೆ ಅದರಲ್ಲಿ ಪಾಠವಿದೆಯೆಂದು ಸೂಚಿಸುತ್ತದೆ. ಹಡಗು ಏಕೆ ತೇಲುತ್ತದೆ, ಹೇಗೆ ನಡೆಯುತ್ತದೆ ಎಂದು ಕೇಳುವುದು ಆ ಯೋಚನೆಯದೇ ಒಂದು ಭಾಗ.

ಊರು ಚಿಕ್ಕದು, ಮನೆಯಲ್ಲಿ ಓದಿದವರಿಲ್ಲ, ಇಂಜಿನಿಯರಿಂಗ್ ನಮ್ಮಂಥವರಿಗಲ್ಲ ಎಂಬ ಮಾತು ನಮ್ಮ ಮನೆಗಳಲ್ಲಿ ಆಗಾಗ ಕೇಳಿಬರುತ್ತದೆ. ಎಸ್ಸೆಸ್ಸೆಲ್ಸಿ ಮುಗಿದ ಕೂಡಲೆ ಮಗನನ್ನು ಅಂಗಡಿಗೆ ಕೂರಿಸುವ, ಮಗಳ ಓದು ನಿಲ್ಲಿಸುವ ತಂದೆ ತಾಯಂದಿರು ಇಂದಿಗೂ ಇದ್ದಾರೆ. ಅವರಿಗೆ ಸ್ಮಿತ್ ಅವರ ಬದುಕನ್ನು ತಿಳಿಸಿ. ಅವರ ಪ್ರಯೋಗಶಾಲೆ ಒಂದು ಕೆರೆ, ಸಾಮಗ್ರಿ ಮರದ ತುಂಡು ಮತ್ತು ಒಂದು ಸ್ಪ್ರಿಂಗ್. ಅವರಲ್ಲಿದ್ದ ದೊಡ್ಡ ಗುಣ ಎಂದರೆ ಕಣ್ಣಿಗೆ ಕಂಡದ್ದು ತನ್ನ ಲೆಕ್ಕಕ್ಕೆ ವಿರುದ್ಧವಾಗಿದ್ದರೂ ಅದನ್ನು ನಂಬಿ, ಲೆಕ್ಕವನ್ನು ತಿದ್ದಿಕೊಳ್ಳುವುದು. ಈ ಗುಣಕ್ಕೆ ಶುಲ್ಕವಿಲ್ಲ, ಡೊನೇಶನ್ ಇಲ್ಲ.

ಆದರೆ ಒಂದು ಮಾತು. ಅದು 1834. ಇಂದು ಹಡಗಿನ ವಿದ್ಯೆಗೆ ಕ್ರಮವಾದ ಓದು ಬೇಕು. ದ್ವಿತೀಯ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ತೆಗೆದುಕೊಂಡು ಚೆನ್ನಾಗಿ ತೇರ್ಗಡೆಯಾದವರು ಪ್ರವೇಶ ಪರೀಕ್ಷೆ ಬರೆದು, 2008ರಲ್ಲಿ ಸ್ಥಾಪನೆಯಾದ ಭಾರತೀಯ ಸಾಗರ ವಿಶ್ವವಿದ್ಯಾಲಯದಲ್ಲಿ ಮರೈನ್ ಇಂಜಿನಿಯರಿಂಗ್ ಓದಬಹುದು. ಗಂಡುಮಕ್ಕಳಂತೆ ಹೆಣ್ಣುಮಕ್ಕಳಿಗೂ ಅದರ ಬಾಗಿಲು ತೆರೆದಿದೆ. ಗಣಿತ ಕಷ್ಟವೆಂದು ಎಂಟನೆಯ ತರಗತಿಯಲ್ಲೇ ಕೈಬಿಟ್ಟವರಿಗೆ ಮಾತ್ರ ಅದು ದೂರ.

ಕೊನೆಯದಾಗಿ ನಿಮಗೊಂದು ಕೆಲಸ. ಜೂನ್, ಜುಲೈ ತಿಂಗಳಲ್ಲಿ ಮೀನುಗಾರಿಕೆಗೆ ನಿಷೇಧವಿರುವಾಗ ತದಡಿ, ಹೊನ್ನಾವರ, ಭಟ್ಕಳದ ಕಡೆ ಹೋಗುವ ಅವಕಾಶ ಸಿಕ್ಕರೆ, ದುರಸ್ತಿಗೆಂದು ದಡಕ್ಕೆ ಎಳೆದ ಬೋಟಿನ ಹಿಂದೆ ಹೋಗಿ ನಿಲ್ಲಿ. ಫ್ಯಾನಿಗೆ ಎಷ್ಟು ರೆಕ್ಕೆ ಇದೆ ಎಣಿಸಿ. ಪ್ರತಿ ರೆಕ್ಕೆಯೂ ಎಷ್ಟು ಓರೆಯಾಗಿದೆ ನೋಡಿ. ಚುಕ್ಕಾಣಿ ಅದರ ಮುಂದಿದೆಯೋ ಹಿಂದಿದೆಯೋ ಗಮನಿಸಿ. ಏಕೆ ಹಾಗೆ ಎಂದು ಜೊತೆಯಲ್ಲಿರುವ ತಮ್ಮನಿಗೋ ತಂಗಿಗೋ ವಿವರಿಸಿ ಹೇಳಿ. ಅವರು ಕೇಳುವ ಪ್ರಶ್ನೆಗಳಲ್ಲಿ ನಿಮಗೆ ಉತ್ತರ ಗೊತ್ತಿಲ್ಲದ್ದು ಒಂದಾದರೂ ಇದ್ದೇ ಇರುತ್ತದೆ. ಅದನ್ನು ಬರೆದಿಟ್ಟುಕೊಂಡು, ಶಾಲೆ ಕಾಲೇಜು ತೆರೆದ ಮೇಲೆ ನಿಮ್ಮ ವಿಜ್ಞಾನದ ಅಧ್ಯಾಪಕರ ಬಳಿ ಹೋಗಿ.